ಪನ್ನೀರಿನ ಸಾಲಿನಲ್ಲಿ ಕೆಂಪು ದೀಪ

ಮದುಮಗಳು ಮದುವೆಯ ದಿನ ಮಾಡಬಾರದ ಕೆಲಸಗಳು ಬೇಕಾದಷ್ಟಿವೆ. ಸುರಾಯಾ ಅವೆಲ್ಲವನ್ನೂ ಬಿಟ್ಟು, ಬೇಡ ಎಂದು ಹೇಳಬೇಕೆಂದು ಯಾರಿಗೂ ಹೊಳೆದೇ ಇರದ ಕೆಲಸವೊಂದನ್ನು ಮಾಡಿದಳು. ಮುಖಕ್ಕೆ ಬಣ್ಣ ಹಚ್ಚಿಸಿಕೊಳ್ಳುತ್ತ, ಗೋರಂಟಿ ಹಚ್ಚಿದ ಬೆರಳಿನಿಂದಲೇ, ತಾನು ಬರೆದ ಬದಲಾವಣೆಯನ್ನು ಕಂಪೈಲರಿಗೆ ಸೇರಿಸಿಬಿಟ್ಟಳು.

ನಾನಾಗ ಬಾಲಿಕ್ ಪುಲಾವ್ ಎಂಬ ಊರಿನ ಅವಳ ಮನೆಯ ಹಿಂದೆ, ಅಡುಗೆಯ ಚಪ್ಪರದಲ್ಲಿ ಕೂತು ಸೌತೆಕಾಯಿ ಹೆಚ್ಚುತ್ತಿದ್ದೆ. ಇಲ್ಲಿ ಮದುವೆಗೆ ಬೇಗ ಬಂದವರು ಸುಮ್ಮನೆ ಕೂರುವಂತಿಲ್ಲ, ಚಾಕು ಕೈಗೆ ಬರುತ್ತದೆ. ನನ್ನ ಪಕ್ಕದಲ್ಲಿ ಬೂನ್ ಲೆಂಗ್ ಈರುಳ್ಳಿಯ ಗುಡ್ಡೆಯ ಮುಂದೆ ಕೂತು ಮೂಗು ಒರೆಸಿಕೊಳ್ಳುತ್ತಿದ್ದ. ಅವನು, ನಾನು, ಸುರಾಯಾ ಮೂವರೂ ಬಾಯಾನ್ ಲೆಪಾಸಿನ ಒಂದೇ ಆಫೀಸಿನವರು. ಜನ ಬರೆದ ಪ್ರೋಗ್ರಾಮನ್ನು ಚಿಪ್ಪಿಗೆ ತಿಳಿಯುವ ಮಾತಿಗೆ ತಿರುಗಿಸುವ ಕಂಪೈಲರನ್ನು ಕಟ್ಟುವುದು ನಮ್ಮ ಕೆಲಸ.

"ಪುನಿ ಅಕ್ಕಾ, ಫೋನ್ ನೋಡಿದ್ರಾ?" ಎಂದ ಬೂನ್ ಲೆಂಗ್.

"ಕೈ ತುಂಬಾ ಸೌತೆಕಾಯಿ. ಏನಂತೆ?"

"ಸುರಾಯಾ ಸೇರ್ಸಿದಾಳೆ."

"ಏನನ್ನ?"

"ಅದನ್ನೇ. ನಾಲ್ಕನೇ ಸಲ."

ನಾನು ಚಾಕು ಕೆಳಗಿಟ್ಟೆ. "ಇವಳಿಗೇನು ತಲೆ ಕೆಟ್ಟಿದೆಯಾ? ಕಾವಲು ಯಾರು? ಅವಳ ಗಂಡನಾ?"

ನನ್ನ ಸಿಟ್ಟಿಗೆ ಕಾರಣವಿತ್ತು. ಯಾರ ಬದಲಾವಣೆಯೋ ಅವರೇ ಕಾವಲು ಎಂಬುದು ನಮ್ಮಲ್ಲಿಯ ಕಟ್ಟುಪಾಡು. ಬದಲಾವಣೆ ಒಳಗೆ ಹೋದ ಕೂಡಲೇ ಆಫೀಸಿನ ಕಪಾಟಿನ ತುಂಬ ಇರುವ ಯಂತ್ರಗಳು ಅದನ್ನು ಎಲ್ಲ ಕಡೆಯಿಂದಲೂ ಜಗ್ಗಿ ನೋಡುತ್ತವೆ. ಎಲ್ಲವೂ ಹಸಿರು ತೋರಿಸಿದರೆ ಗೆದ್ದಂತೆ. ಒಂದು ಕೆಂಪಾದರೂ, ಊಟ ಮುಗಿಸಿ ಕೈ ತೊಳೆಯುವಷ್ಟು ಹೊತ್ತಿನೊಳಗೆ ಕಾವಲಿನವರು ಸರಿಪಡಿಸಬೇಕು, ಇಲ್ಲದಿದ್ದರೆ ಯಾರು ಬೇಕಾದರೂ ಅದನ್ನು ಕಿತ್ತು ಹಾಕಬಹುದು. ಹಾಗಾಗಿ ಹಲ್ಲು ಕೀಳಿಸಿಕೊಳ್ಳಲು ಹೋಗುವ ದಿನ ಕೂಡ ನಮ್ಮಲ್ಲಿ ಯಾರೂ ಏನನ್ನೂ ಸೇರಿಸುವುದಿಲ್ಲ. ಈ ಹುಡುಗಿ ತನ್ನ ಮದುವೆಯ ದಿನ ಸೇರಿಸಿದ್ದಳು.

ಇದೆಲ್ಲ ಶುರುವಾದದ್ದು ಮೂರು ಸಾವಿರ ಡಿಗ್ರಿಯ ತೆಂಗಿನ ಹಾಲಿನಿಂದ. ಬಟರ್‌ವರ್ತ್‌ನಲ್ಲಿ ಇಲ್ಹಾಮ್ ಎಂಬ ಹುಡುಗ ತೆಂಗಿನ ಹಾಲು ಹಿಂಡುವ ಯಂತ್ರಗಳಿಗೆ ಪ್ರೋಗ್ರಾಂ ಬರೆಯುತ್ತಾನೆ. ಎರಡು ವರ್ಷದ ಹಿಂದೆ ಅವನಿಂದ ನಮಗೊಂದು ದೂರು ಬಂತು: ‘ನಿಮ್ಮ ಡಿಬಗ್ಗರ್ ಪ್ರಕಾರ ನನ್ನ ಯಂತ್ರದಲ್ಲಿರುವ ಹಾಲು ಮೂರು ಸಾವಿರ ಡಿಗ್ರಿ ಕಾದಿದೆ. ಬೆರಳು ಅದ್ದಿ ನೋಡಿದೆ. ಬೆರಳು ಇನ್ನೂ ಇದೆ. ದಯವಿಟ್ಟು ವಿಚಾರಿಸಿ.’

ಡಿಬಗ್ಗರ್ ಎಂದರೆ ಓಡುತ್ತಿರುವ ಪ್ರೋಗ್ರಾಮಿನ ಹೊಟ್ಟೆಯಲ್ಲಿ ಏನಿದೆಯೆಂದು ತೋರಿಸುವ ಸಲಕರಣೆ. ಅದಕ್ಕೆ ತಾನಾಗಿ ಏನೂ ಗೊತ್ತಿಲ್ಲ. ಯಾವ ಅಂಕಿ ಎಲ್ಲಿದೆ, ಅದನ್ನು ಯಾವ ಅಚ್ಚಿನಲ್ಲಿ ಓದಬೇಕು ಎಂದು ಕಂಪೈಲರ್ ಬರೆದಿಟ್ಟ ವಿವರವನ್ನೇ ಅದು ನಂಬುತ್ತದೆ. ಆ ಅಚ್ಚನ್ನು ನಾವು ಟೈಪ್ ಎನ್ನುತ್ತೇವೆ. ಇಲ್ಹಾಮನ ಪ್ರೋಗ್ರಾಮಿನಲ್ಲಿ ಕಾಯಿ ತುರಿಯುವ ಫಂಕ್ಷನ್ ಒಂದಿತ್ತು, ಹಾಲು ಹಿಂಡುವ ಫಂಕ್ಷನ್ ಇನ್ನೊಂದಿತ್ತು. ಎರಡರ ಒಳಗೂ ‘ಲಂಕಾ’, ಇಲ್ಲಿನ ಮಾತಿನಲ್ಲಿ ಹೆಜ್ಜೆ, ಎಂಬ ಹೆಸರಿನ ಅಚ್ಚು. ಒಂದರಲ್ಲಿ ಮೊದಲ ಅಂಕಿ ವೇಗ, ಇನ್ನೊಂದರಲ್ಲಿ ಬಿಸಿ. ಇದರಲ್ಲಿ ತಪ್ಪೇನಿಲ್ಲ, ಯಾಕೆಂದರೆ ಫಂಕ್ಷನ್ನಿನೊಳಗೆ ಹುಟ್ಟಿದ ಅಚ್ಚು ಆ ನಾಲ್ಕು ಗೋಡೆಗಳೊಳಗೆ ಮಾತ್ರ ಸಲ್ಲುತ್ತದೆ. ಆದರೆ ನಮ್ಮ ಕಂಪೈಲರ್ ಎಲ್ಲ ಅಚ್ಚುಗಳನ್ನೂ ಅವು ಯಾವ ಫಂಕ್ಷನ್ನಿನವು ಎನ್ನುವುದನ್ನು ಬಿಟ್ಟು, ಇಡೀ ಕಡತದ ಹೆಬ್ಬಾಗಿಲಲ್ಲೇ ಬರೆದಿಡುತ್ತಿತ್ತು. ಡಿಬಗ್ಗರ್ ಬಂದು ಮೊದಲು ಕಂಡ ‘ಲಂಕಾ’ವನ್ನು ಎತ್ತಿಕೊಂಡು, ತುರಿಯುವ ಚಕ್ರದ ವೇಗವನ್ನು ಹಾಲಿನ ಬಿಸಿಯೆಂದು ಓದುತ್ತಿತ್ತು.

ಆ ದೂರು ಸುರಾಯಾಳ ಪಾಲಿಗೆ ಬಂತು. ಸಭೆಯಲ್ಲಿ ಅವಳು ನಮಗೆಲ್ಲ ಪಾಠ ಮಾಡಿದ್ದು ಈಗಲೂ ನೆನಪಿದೆ.

"ನಮ್ಮನೇಲಿ ಮಾಕ್ ಲಾಂಗ್ ಅಂದ್ರೆ ನಮ್ಮ ದೊಡ್ಡಮ್ಮ. ಪಕ್ಕದ್ಮನೇಲಿ ಮಾಕ್ ಲಾಂಗ್ ಅಂದ್ರೆ ಅವ್ರ ದೊಡ್ಡಮ್ಮ. ಮನೆಗೊಬ್ರು ಇರ್ತಾರೆ, ಯಾರಿಗೂ ಗೊಂದಲ ಇಲ್ಲ. ಆದ್ರೆ ಬೀದಿ ತುದೀಲಿ ಬೋರ್ಡ್ ಹಾಕಿ ಬರೀ ‘ಮಾಕ್ ಲಾಂಗ್’ ಅಂತ ಬರೆದ್ರೆ ಯಾರು ಬರ್ತಾರೆ ಹೇಳಿ?"

"ಯಾರೋ ಒಬ್ರು ಬರ್ತಾರೆ. ಕೆಲಸ ಆಗುತ್ತೆ. ಇಪ್ಪತ್ತು ವರ್ಷದಿಂದ ಆಗ್ತಾನೇ ಇದೆ," ಎಂದೆ ನಾನು.

"ಪುನಿ ಅಕ್ಕಾ, ನಿಮ್ಮನೆಗೆ ಪಕ್ಕದ್ಮನೆ ಮಾಕ್ ಲಾಂಗ್ ಬಂದು ಕೂತ್ರೆ ಗೊತ್ತಾಗುತ್ತೆ."

ನಾನು ಹೊಸದನ್ನು ಸುಲಭವಾಗಿ ಒಪ್ಪುವವಳಲ್ಲ. ಓಡುತ್ತಿರುವುದನ್ನು ಬಿಚ್ಚಬಾರದು, ಅದು ನನ್ನ ಸ್ವಭಾವ. ಅಚ್ಚನ್ನು ಅದರದೇ ಫಂಕ್ಷನ್ನಿನೊಳಗೆ ಬರೆಯುವುದು ಕೇಳಲು ಸಣ್ಣ ಮಾತು, ಮಾಡಲು ಹೋದರೆ ಎಲ್ಲೆಲ್ಲೋ ಹೊಲಿಗೆ ಬಿಡುತ್ತದೆ. ಮೊದಲ ಸಲ ಫಂಕ್ಷನ್ನಿನ ಒಳಗಿನ ಚಿಕ್ಕ ಆವರಣಗಳನ್ನು ಅವಳು ಮರೆತಿದ್ದಳು, ಕೆಂಪಾಯಿತು, ನಾನು ಕಿತ್ತೆ. ಎರಡನೆಯ ಸಲ ಎರಡು ಕಡತಗಳನ್ನು ಒಟ್ಟಿಗೆ ಹೆಣೆಯುವಾಗ ಎಡವಿತು, ಕಿತ್ತೆ. ಮೂರನೆಯ ಸಲ ಏನಾಯಿತೆಂದು ಅವಳು ಕಣ್ಣು ಬಿಟ್ಟು ನೋಡುವಷ್ಟರಲ್ಲೇ ಕಿತ್ತಿದ್ದೆ. ಅವಳೇನೂ ಮುಖ ಊದಿಸಿಕೊಳ್ಳಲಿಲ್ಲ. ಪ್ರತಿ ಸಲವೂ ಮಾರನೆಯ ದಿನ ಪಂದನ್ ಎಲೆಯ ಹಸಿರು ಸಿಹಿಯ ಡಬ್ಬಿಯೊಂದನ್ನು ತಂದು ನನ್ನ ಮೇಜಿನ ಮೇಲಿಡುತ್ತಿದ್ದಳು. "ಸತ್ತ ಬದಲಾವಣೆಗೆ ಗುಂಡಿ ತೋಡಿದೋರಿಗೆ," ಎನ್ನುತ್ತಿದ್ದಳು.

ಈ ನಡುವೆ ದೂರಿನ ವಿಷಯ ಕೇಳಲು ಇಲ್ಹಾಮ್ ಬರೆಯುವುದು, ಇವಳು ಉತ್ತರಿಸುವುದು ನಡೆದೇ ಇತ್ತು. ದೂರು ಮುಗಿಯಲಿಲ್ಲ, ನಿಶ್ಚಿತಾರ್ಥವಾಯಿತು. "ನಿನ್ನ ದೂರು ಮುಚ್ಚದೆ ನಿನ್ನ ಮನೆ ಹೊಸಿಲು ತುಳಿಯಲ್ಲ," ಎಂದು ಅವನಿಗೆ ಹೇಳಿದ್ದಳಂತೆ. ತಮಾಷೆಗೆ ಹೇಳಿದ್ದೇ ಇರಬಹುದು. ಆದರೆ ಹೋದ ತಿಂಗಳು ಮುಖ್ಯ ಕಚೇರಿಯವರು ತಮಾಷೆಯಿಲ್ಲದೆ ಬರೆದರು: ಹೊಸ ಆವೃತ್ತಿಯ ಬಾಗಿಲು ಶನಿವಾರ ಮಧ್ಯಾಹ್ನ ಮುಚ್ಚುತ್ತದೆ, ಇದು ಕೊನೆಯ ಅವಕಾಶ, ಈ ಸಲವೂ ಕಿತ್ತರೆ ಆ ವಿಷಯವನ್ನು ಮತ್ತೆ ಎತ್ತಬಾರದು. ಅವಳ ಮದುವೆಯೂ ಅದೇ ಶನಿವಾರ.

ಶುಕ್ರವಾರ ಅವಳು ನನ್ನ ಮೇಜಿನ ಹತ್ತಿರ ಬಂದಿದ್ದಳು. "ಅಕ್ಕಾ, ನಾಳೆ ಒಂದಿನ ನನ್ನ ಬದ್ಲು ಕಾವಲಿರ್ತೀರಾ?"

"ನಂಗೆ ನಂಬಿಕೆ ಇಲ್ಲದ್ದನ್ನ ನಾನು ಕಾಯಲ್ಲಮ್ಮ."

"ಸರಿ ಬಿಡಿ. ಊಟಕ್ಕಂತೂ ಬರ್ತೀರಲ್ಲ?" ಎಂದು ನಕ್ಕು ಹೋದಳು. ಬಿಟ್ಟಿದ್ದಾಳೆ ಎಂದುಕೊಂಡೆ. ಅವಳು ಬಿಡುವ ಪೈಕಿ ಅಲ್ಲ.

ಚಪ್ಪರದಲ್ಲಿ ನಾನು ಮತ್ತೆ ಚಾಕು ಎತ್ತಿಕೊಳ್ಳುವಷ್ಟರಲ್ಲಿ ದಮ್ಮಡಿಗಳು ಮೊಳಗಿದವು, ವರನ ಕಡೆಯವರು ಬಂದರು. ಹೂವಿನಿಂದ ಅಲಂಕರಿಸಿದ ತಟ್ಟೆಗಳಲ್ಲಿ ರೇಷ್ಮೆ ಬಟ್ಟೆ, ಚಪ್ಪಲಿ, ಅತ್ತರು, ಹಣ್ಣು. ಕೊನೆಯ ತಟ್ಟೆಯಲ್ಲಿ ಮಲ್ಲಿಗೆಯ ನಡುವೆ ಹಸಿರು ಬಣ್ಣದ ಸರ್ಕಿಟ್ ಬೋರ್ಡ್ ಒಂದು ಮಲಗಿತ್ತು. ದೂರಿಗೆ ಮೂಲವಾದ ಅದೇ ಬೋರ್ಡು.

ಸುರಾಯಾಳ ತಾಯಿ ರೊಗಾಯಾ ಅದನ್ನು ನೋಡಿ ನನ್ನ ತೋಳು ಹಿಡಿದರು. "ಪುನಿ, ಇದೇನಮ್ಮ ಇದು? ರೇಡಿಯೋ ಹೊಟ್ಟೆ ಬಗೆದು ತಂದಿದಾರಲ್ಲ!"

"ಪ್ರೇಮದ ಗುರುತು, ಕಾಕ್," ಎಂದೆ. ಕಾಕ್ ಎಂದರೆ ಇಲ್ಲಿ ಅಕ್ಕ.

"ನಮ್ಮ ಕಾಲದಲ್ಲಿ ಉಂಗುರ ತರ್ತಿದ್ರು," ಎಂದು ಗೊಣಗಿ, ಆ ತಟ್ಟೆಯನ್ನೂ ಉಳಿದವುಗಳ ಪಕ್ಕಕ್ಕೇ ಜೋಡಿಸಿದರು.

ವಧೂವರರನ್ನು ಅಡುಗೆಯ ಚಪ್ಪರದಿಂದ ನೇರ ಕಾಣುವ ಮಂಟಪದ ಸಿಂಹಾಸನದಲ್ಲಿ ಕೂರಿಸಿದರು. ಅಲ್ಲಿ ಕೂತವರು ರಾಜ ರಾಣಿಯಂತೆ ಬಿಗಿದುಕೊಂಡಿರಬೇಕು. ಮಾತಿಲ್ಲ, ನಗುವಿಲ್ಲ, ಕಣ್ಣು ನೆಲದ ಮೇಲೆ. ಸುರಾಯಾ ಹಾಗೆಯೇ ಕೂತಿದ್ದಳು. ಅವಳ ಹಿಂದೆ ಬೀಸಣಿಗೆ ಹಿಡಿದು ನಿಂತ ಅಲಂಕಾರದ ಹೆಂಗಸು ಹದ್ದಿನಂತೆ ಕಾಯುತ್ತಿದ್ದಳು.

ಹಿಂದಿನ ಚಪ್ಪರದಲ್ಲಿ ಬೂನ್ ಲೆಂಗ್ ಈರುಳ್ಳಿ ಬುಟ್ಟಿಗಳ ನಡುವೆ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂತಿದ್ದ. ಒಂದೊಂದೇ ಯಂತ್ರ ಹಸಿರಾಗುತ್ತಿತ್ತು. ಅವನ ಮುಖ ಅರಳುತ್ತಿತ್ತು. ಆಮೇಲೆ ಸಟ್ಟನೆ ಬಾಡಿತು.

"ಅಕ್ಕಾ. ಕೆಂಪು."

ಹೋಗಿ ನೋಡಿದೆ. ವೇಗ ಹೆಚ್ಚಿಸಿ ಕಟ್ಟುವ ಯಂತ್ರ ಅದು. ವೇಗಕ್ಕಾಗಿ ಕಂಪೈಲರ್ ಚಿಕ್ಕ ಫಂಕ್ಷನ್ನುಗಳನ್ನು ಪ್ರತ್ಯೇಕವಾಗಿ ಉಳಿಸುವುದಿಲ್ಲ, ಅವುಗಳ ಒಡಲನ್ನು ಬೇಕಾದ ಕಡೆಗೆಲ್ಲ ಸುರಿದು ಮೂಲವನ್ನು ಎಸೆದುಬಿಡುತ್ತದೆ. ಈಗ ಸುರಾಯಾಳ ಮಾತಿನಂತೆ ಅಚ್ಚನ್ನು ಅದರ ಫಂಕ್ಷನ್ನಿನೊಳಗೆ ಬರೆಯಲು ಹೋದರೆ, ಆ ಫಂಕ್ಷನ್ನೇ ಇಲ್ಲ. ಕಂಪೈಲರ್ ಅಲ್ಲೇ ಕುಸಿದು ಬಿದ್ದಿತ್ತು.

"ಬಾಗಿಲು ಮುಚ್ಚೋಕೆ ಹೆಚ್ಚು ಹೊತ್ತಿಲ್ಲ. ಕಾವಲಿನೋಳು ಸಿಂಹಾಸನದ ಮೇಲಿದಾಳೆ. ಕೀಳ್ತೀರಾ?" ಎಂದ ಬೂನ್ ಲೆಂಗ್.

ನಿಯಮದ ಪ್ರಕಾರ ಕೀಳಬೇಕು. ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿಕೊಂಡು ಕೀಳುವ ಆಜ್ಞೆಯನ್ನು ಟೈಪ್ ಮಾಡಿದೆ. ಒಂದು ಗುಂಡಿ ಒತ್ತುವುದಷ್ಟೇ ಬಾಕಿ. ಆಗ ದಾಲ್ಚಾ ಎಂಬ ಬೇಳೆಸಾರು ಕುದಿಯುತ್ತಿದ್ದ ದೊಡ್ಡ ಹಂಡೆಯ ಹತ್ತಿರ ಕೂಗು ಎದ್ದಿತು.

"ಅಯ್ಯಯ್ಯೋ! ಈ ದಾಲ್ಚಾಗೆ ಎಷ್ಟು ಉಪ್ಪು ಹಾಕಿದೀರಾ?"

ಅಡುಗೆಯ ಮುಖ್ಯಸ್ಥ ಸೌಟು ಹಿಡಿದು ಉಗುಳುತ್ತ ನಿಂತಿದ್ದ. "ನಾನು ಹೇಳಿದ್ದು ಒಂದೇ ಸಲ! ‘ಮಾಕ್ ಲಾಂಗ್, ಉಪ್ಪು ಹಾಕಿ’ ಅಂತ!"

"ಹೌದು, ನಾನು ಹಾಕ್ದೆ," ಎಂದರು ವಧುವಿನ ಕಡೆಯ ಮಾಕ್ ಲಾಂಗ್.

"ನಾನೂ ಹಾಕ್ದೆ. ನನ್ನೇ ಕರೆದ್ರಲ್ಲ?" ಎಂದರು ವರನ ಕಡೆಯ ಮಾಕ್ ಲಾಂಗ್.

ಪಕ್ಕದ ಮನೆಯ ಮಾಕ್ ಲಾಂಗ್ ಉಪ್ಪಿನ ಬಟ್ಟಲನ್ನು ಮೆಲ್ಲಗೆ ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು.

ಚಪ್ಪರವೆಲ್ಲ ಘೊಳ್ಳೆಂದು ನಕ್ಕಿತು. ನನಗೂ ನಗು ಬಂತು, ನಿಲ್ಲಿಸಲು ಆಗಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕೆ. ಯಾರೋ ಒಬ್ಬರು ಬರುತ್ತಾರೆ, ಕೆಲಸ ಆಗುತ್ತದೆ ಎಂದಿದ್ದೆನಲ್ಲ! ಮೂವರು ಬಂದಿದ್ದರು. ಮನೆಯ ಹೆಸರಿಲ್ಲದೆ ಕರೆದ ಒಂದು ಕೂಗಿಗೆ ಹಂಡೆಗಟ್ಟಲೆ ದಾಲ್ಚಾ ಸಮುದ್ರವಾಗಿತ್ತು. ಹುಡುಗಿ ಹೇಳಿದ್ದು ಸರಿ, ಮೊದಲಿನಿಂದಲೂ ಸರಿ. ಅದು ನನಗೆ ಗೊತ್ತಾದದ್ದು, ಸೌಟಿನಿಂದ ಒಂದು ಹನಿ ನೆಕ್ಕಿದಾಗ, ನಾಲಿಗೆಯ ತುದಿಯಲ್ಲಿ.

ಟೈಪ್ ಮಾಡಿದ್ದನ್ನು ಅಳಿಸಿದೆ. ಅವಳ ಬದಲಾವಣೆಯ ಕೆಳಗೆ, ಕಾವಲಿನ ಜಾಗದಲ್ಲಿ, ಅವಳ ಹೆಸರು ತೆಗೆದು ‘ಪುನಿತವತಿ’ ಎಂದು ಬರೆದೆ.

ಬೂನ್ ಲೆಂಗ್ ಕಣ್ಣರಳಿಸಿದ. "ಅಕ್ಕಾ, ಕೆಂಪಾಗೇ ಉಳಿದ್ರೆ ಮುಖ್ಯ ಕಚೇರಿಯೋರು ಮಂಗಳಾರತಿ ಎತ್ತೋದು ನಿಮಗೆ!"

"ಎತ್ಲಿ. ಈಗ ಹೇಳು, ಇದನ್ನ ಸರಿ ಮಾಡೋದು ನಿಂಗೆ ಗೊತ್ತಾ?"

"ಇಲ್ಲ. ನಿಮಗೆ?"

"ಇಲ್ಲ. ಅವಳಿಗೆ ಗೊತ್ತು."

ಇಬ್ಬರೂ ಮಂಟಪದ ಕಡೆ ನೋಡಿದೆವು. ಹಿರಿಯರು ಒಬ್ಬೊಬ್ಬರಾಗಿ ಮೇಲೆ ಹೋಗಿ ಮದುಮಕ್ಕಳ ಮೇಲೆ ಪನ್ನೀರು ಚಿಮುಕಿಸಿ ಹರಸುತ್ತಿದ್ದರು. ಆ ಸಿಂಹಾಸನದ ಹತ್ತಿರ ಹೋಗಲು ಇರುವ ದಾರಿ ಅದೊಂದೇ. "ಆಫೀಸಿನಲ್ಲಿ ನೀನೇ ಅವಳ ಹಿರಿಯಳು, ಪನ್ನೀರು ಹಾಕಲೇಬೇಕು" ಎಂದು ರೊಗಾಯಾ ಬೆಳಿಗ್ಗೆಯೇ ಹೇಳಿದ್ದರು. ಸೌತೆಕಾಯಿಯ ಕೈ ಸೆರಗಿಗೆ ಒರೆಸಿಕೊಂಡು ಸಾಲಿಗೆ ನಿಂತೆ.

ನನ್ನ ಸರದಿ ಬಂತು. ಎಲೆಯ ಗೊಂಚಲನ್ನು ಪನ್ನೀರಿನಲ್ಲಿ ಅದ್ದಿ, ಬಗ್ಗಿ, ಅವಳ ಅಂಗೈ ಮೇಲೆ ಚಿಮುಕಿಸುತ್ತ ಪಿಸುಗುಟ್ಟಿದೆ. "ಕೆಂಪಾಗಿದೆ. ಫಂಕ್ಷನ್ನನ್ನ ಬೇರೆ ಕಡೆ ಸುರಿದು ಎಸೆದುಬಿಟ್ಟಿದೆ. ಅಚ್ಚಿಗೆ ಮನೆ ಇಲ್ಲ."

ಅವಳ ಕಣ್ಣು ನೆಲದಿಂದ ಏಳಲಿಲ್ಲ. ತುಟಿಯೂ ಅಲುಗಲಿಲ್ಲ. ಧ್ವನಿ ಮಾತ್ರ ಬಂತು. "ಕಿತ್ರಾ?"

"ಇಲ್ಲ ಕಣೆ. ನಾನೇ ಕಾವಲು. ಬೇಗ ಹೇಳು."

ಅವಳ ಬೆರಳುಗಳು ನನ್ನ ಎಲೆಯ ಗೊಂಚಲನ್ನು ಹಿಡಿದುಕೊಂಡವು. ಆಮೇಲೆ, "ಮನೆ ಬಿದ್ದಿದ್ರೂ ಮನೆ ನಂಬರ್ ಇರುತ್ತಲ್ಲ ಅಕ್ಕಾ. ಒಂದು ಖಾಲಿ ಮನೆ ಬರೀರಿ. ಅಚ್ಚು ಅದ್ರೊಳಗೆ. ಎಲ್ಲೆಲ್ಲಿ ಸುರಿದಿದೆಯೋ ಅಲ್ಲಿಂದ ಆ ಮನೆ ಕಡೆ ಬೆರಳು ತೋರ್ಸಿದ್ರೆ ಸಾಕು."

"ಸುರಾಯಾ!" ಎಂದು ಬೀಸಣಿಗೆಯವಳು ಹಲ್ಲು ಕಚ್ಚಿದಳು. "ಬಾಯಿ ಮುಚ್ಚು. ಬಣ್ಣ ಬಿರಿಯುತ್ತೆ."

"ಆಶೀರ್ವಾದ ಮಾಡ್ತಿದೀನಮ್ಮ, ಸ್ವಲ್ಪ ಉದ್ದ," ಎಂದು ಇಳಿದು ಬಂದೆ.

ಬೂನ್ ಲೆಂಗ್ ಕೇಳಿಸಿಕೊಂಡು ಕೀಲಿಮಣೆಯ ಮೇಲೆ ಬಿದ್ದ. ಸ್ವಲ್ಪ ಹೊತ್ತಿಗೆ ತಲೆ ಕೆರೆದುಕೊಂಡ. "ಖಾಲಿ ಮನೆ ಬರಿಯೋ ಕೋಡ್ ಆಗ್ಲೇ ಇದೆ ಅಕ್ಕಾ. ಆದ್ರೂ ಬೀಳ್ತಿದೆ."

"ಹಂಗಾದ್ರೆ ನೀನೇ ಹೋಗಿ ಕೇಳು."

ಅವನು ಹೋದ. ದೂರದಿಂದ ನೋಡಿದೆ. ಆರಡಿ ಉದ್ದದ ಮನುಷ್ಯ ಬಗ್ಗಿದ್ದು ಏಳುತ್ತಲೇ ಇಲ್ಲ. ಸುರಾಯಾಳ ಅಂಗೈಯಲ್ಲಿ ಪನ್ನೀರು ಕೊಳವಾಗಿ ನಿಂತಿತ್ತು. ಪಕ್ಕದಲ್ಲಿ ಕಲ್ಲಿನಂತೆ ಕೂತಿದ್ದ ಇಲ್ಹಾಮ್ ಕೂಡ ಕಲ್ಲಿನ ಮುಖದಲ್ಲೇ ಏನೋ ಸೇರಿಸಿದ.

"ಆ ಹುಡುಗ ಯಾಕೆ ಅಲ್ಲೇ ನಿಂತುಬಿಟ್ಟ?" ಎಂದರು ರೊಗಾಯಾ.

"ತಂಗಿ ಥರ ನೋಡ್ತಾನೆ ಕಾಕ್. ಮನಸ್ಸು ಬರ್ತಿಲ್ಲ."

"ಪಾಪ!" ಎಂದು ಅವರು ನಿಜಕ್ಕೂ ಕಣ್ಣೊರೆಸಿಕೊಂಡರು.

ಬೂನ್ ಲೆಂಗ್ ಓಡಿ ಬಂದ. "ಮೊದ್ಲು ಮನೆ, ಆಮೇಲೆ ಅಚ್ಚು! ನಾವು ಅಚ್ಚನ್ನ ಮೊದ್ಲು ಬರೀತಿದೀವಿ, ಖಾಲಿ ಮನೇನ ಆಮೇಲೆ. ಎರಡು ಸಾಲು ಮೇಲೆ ಕೆಳಗೆ ಮಾಡಿದ್ರೆ ಆಯ್ತಂತೆ!"

"ಇಲ್ಹಾಮ್ ಏನಂದ?"

"‘ಬೇಗ ಮಾಡಿ, ನನ್ನ ಮೂಗು ಕೆರೀತಿದೆ’ ಅಂದ."

ಎರಡು ಸಾಲು ಅದಲು ಬದಲಾದವು. ನಾನು ಓದಿದೆ, ಇನ್ನೊಮ್ಮೆ ಓದಿದೆ, ಒಪ್ಪಿಗೆ ಎಂದು ಬರೆದೆ. ಯಂತ್ರಗಳು ಮತ್ತೆ ಮೊದಲಿನಿಂದ ಶುರು ಮಾಡಿದವು. ನಾವಿಬ್ಬರೂ ಪರದೆಗೆ ಮುಖ ಕೊಟ್ಟು ಕೂತೆವು. ದಾಲ್ಚಾದ ಹಂಡೆಗೆ ಆಲೂಗಡ್ಡೆ, ಬೇಳೆ, ನೀರು ಸುರಿದು ಸರಿಪಡಿಸುತ್ತಿದ್ದ ಮೂವರು ಮಾಕ್ ಲಾಂಗ್‌ಗಳೂ ಕುತೂಹಲಕ್ಕೆ ನಮ್ಮ ಬೆನ್ನ ಹಿಂದೆ ಬಂದು ನಿಂತರು.

"ಏನ್ ನೋಡ್ತಿದೀರಾ?"

"ಎಲ್ಲಾ ಹಸಿರಾಗ್ಬೇಕು, ಮಾಕ್ ಲಾಂಗ್."

"ಆಗುತ್ತೆ ಬಿಡು," ಎಂದು ಮೂವರೂ ಒಟ್ಟಿಗೆ ಹೇಳಿದರು.

ಹಸಿರು. ಹಸಿರು. ಮತ್ತೆ ಹಸಿರು. ವೇಗದ ಯಂತ್ರವೊಂದು ಉಳಿಯಿತು. ಅದು ಸುತ್ತುತ್ತಲೇ ಇತ್ತು. ಮಂಟಪದಲ್ಲಿ ಪನ್ನೀರಿನ ಸಾಲು ಮುಗಿದು, ಫೋಟೋಗೆಂದು ಎರಡೂ ಮನೆಯವರನ್ನು ಜೋಡಿಸಿ ನಿಲ್ಲಿಸುತ್ತಿದ್ದರು. ಆಗ ಆ ಕೊನೆಯ ಚೌಕವೂ ಹಸಿರಾಯಿತು. ಬಾಗಿಲು ಮುಚ್ಚುವ ಮೊದಲೇ ಒಳಗೆ ಹೋಗಿ ಕೂತಿದ್ದೆವು.

ಹೇಳುವುದು ಹೇಗೆ? ಸಾಲು ಮುಗಿದಿತ್ತು, ಕೂಗುವಂತಿಲ್ಲ. ಬೂನ್ ಲೆಂಗ್ ಅತ್ತಿತ್ತ ನೋಡಿ, ಗೋಡೆಗೊರಗಿಸಿದ್ದ ಆಳೆತ್ತರದ ಬಾಳೆಲೆಯೊಂದನ್ನು ಸೆಳೆದುಕೊಂಡು ತಲೆಯ ಮೇಲೆತ್ತಿ ಬೀಸತೊಡಗಿದ. ನಾನೂ ಒಂದು ಎತ್ತಿದೆ. ಏನು ಎತ್ತ ಗೊತ್ತಿಲ್ಲದಿದ್ದರೂ ಮೂವರು ಮಾಕ್ ಲಾಂಗ್‌ಗಳೂ ಒಂದೊಂದು ಎತ್ತಿದರು. ಹಿಂದಿನ ಚಪ್ಪರದಲ್ಲಿ ಐದು ಹಸಿರು ಬಾಳೆಲೆಗಳು ಕುಣಿದವು.

ಸುರಾಯಾ ಕಣ್ಣೆತ್ತಿ ನೋಡಿದಳು. ಬೆಳಗಿನಿಂದ ಬಿಗಿಹಿಡಿದದ್ದೆಲ್ಲ ಬಿಚ್ಚಿಕೊಂಡು, ಮೂವತ್ತೆರಡೂ ಹಲ್ಲು ಕಾಣುವಂತೆ ಜೋರಾಗಿ ನಕ್ಕುಬಿಟ್ಟಳು. ಇಲ್ಹಾಮ್ ಕೊನೆಗೂ ಮೂಗು ಕೆರೆದುಕೊಂಡ. ಬೀಸಣಿಗೆಯವಳು "ಬಣ್ಣ! ಬಣ್ಣ!" ಎಂದು ಚೀರಿದಳು. ಕ್ಯಾಮೆರಾ ಮಿಂಚಿದ್ದು ಆಗಲೇ.

ಊಟಕ್ಕೆ ಕೂತಾಗ ನನ್ನ ಫೋನ್ ಗುನುಗಿತು. ನಮ್ಮಲ್ಲಿ ದೂರನ್ನು ನಾವು ಮುಚ್ಚುವುದಿಲ್ಲ, ದೂರು ಕೊಟ್ಟವರೇ ಕಾರಣ ಬರೆದು ಮುಚ್ಚಬೇಕು. ಹೂವಿನ ತಟ್ಟೆಯ ಬೋರ್ಡನ್ನು ಮಲ್ಲಿಗೆಯ ಸಮೇತ ಬೂನ್ ಲೆಂಗನ ಲ್ಯಾಪ್‌ಟಾಪಿಗೆ ಚುಚ್ಚಿ ನೋಡಿದ್ದ ಇಲ್ಹಾಮ್ ಬರೆದಿದ್ದ: ‘ದೂರು ಮುಚ್ಚಿದೆ. ಕಾರಣ: ಹಾಲು ತಣ್ಣಗಾಗಿದೆ.’

ಸಂಜೆ ಮದುಮಗಳನ್ನು ಕಳಿಸಿಕೊಡುವಾಗ ನಾನು ಹಿಂದೆ ನಿಂತಿದ್ದೆ. ಸುರಾಯಾ ಕಾರು ಹತ್ತುವವಳು ಹತ್ತದೆ, ಜನರನ್ನು ಸರಿಸಿಕೊಂಡು ನನ್ನ ಹತ್ತಿರ ಬಂದಳು. ಕೈಯಲ್ಲಿ ಅದೇ ಡಬ್ಬಿ, ಒಳಗೆ ಪಂದನ್ ಎಲೆಯ ಹಸಿರು ಸಿಹಿ.

"ಈ ಸಲ ಯಾಕೆ? ನಾನೇನೂ ಗುಂಡಿ ತೋಡಿಲ್ವಲ್ಲ," ಎಂದೆ.

"ಕಾವಲಿದ್ದೋರಿಗೆ," ಎಂದು ನನ್ನ ಕೈ ಹಿಡಿದು ಹಣೆಗೆ ಒತ್ತಿಕೊಂಡಳು. "ಈಗ ಧೈರ್ಯವಾಗಿ ಅವ್ರ ಮನೆ ಹೊಸಿಲು ತುಳೀತೀನಿ, ಅಕ್ಕಾ."

ಅವಳ ತಲೆ ಸವರಿ ಕಾರಿನ ಕಡೆ ತಳ್ಳಿದೆ. ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಡಬ್ಬಿ ಹಿಡಿದು ನಿಂತೇ ಇದ್ದೆ. ಪಕ್ಕದಲ್ಲಿ ಬೂನ್ ಲೆಂಗ್ ಬಗ್ಗಿ ನನ್ನ ಮುಖ ನೋಡಿದ.

"ಇದೇನಕ್ಕಾ, ಈರುಳ್ಳಿ ಹೆಚ್ಚಿದ್ದು ನಾನು, ಅಳೋದು ನೀವಾ?"